ಹೆದರಿಕೆಗೆ ಮಾತ್ರೆ ಉಂಟು, ಮಾತು ಬೇಡವೇ?

ಕೆಟ್ಟ ನೆನಪನ್ನು ಅಳಿಸುವ ಮಾತ್ರೆ ಬಂದಿದೆಯಂತೆ ಎಂಬ ಸುದ್ದಿ ನಮ್ಮ ವಾಚನಾಲಯದ ಜಗಲಿಗೆ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಪೇಪರಿನ ಒಳಪುಟದಲ್ಲಿ ಓದಿದವರು ಒಬ್ಬರು, ಮೊಬೈಲಿನಲ್ಲಿ ನೋಡಿದವರು ಇನ್ನೊಬ್ಬರು. "ಸ್ಲೇಟು ಒರೆಸಿದ ಹಾಗೆ ಒರೆಸಿ ಬಿಡ್ತದಂತೆ ಮಾರಾಯ್ರೇ" ಎಂದು ಒಬ್ಬರು ಹೇಳಿದರೆ, "ಹಾಗಾದರೆ ಬ್ಯಾಂಕಿನವರಿಗೂ ಒಂದು ಕೊಡಿ, ನನ್ನ ಸಾಲ ಮರೆಯಲಿ" ಎಂದು ಇನ್ನೊಬ್ಬರು ನಗಾಡುತ್ತಾರೆ. ನಗು ಇರಲಿ. ಆದರೆ ಅದೇ ಜಗಲಿಯಿಂದ ಇಳಿದು ನಮ್ಮ ಮನೆಗಳ ಒಳಗೆ ನೋಡಿದರೆ ನಗು ನಿಲ್ಲುತ್ತದೆ. ದೇವರ ಪಟದ ಹಿಂದೆ, ಸಕ್ಕರೆ ಡಬ್ಬದ ಪಕ್ಕ, ಮುದುಕರ ತಲೆದಿಂಬಿನ ಅಡಿಯಲ್ಲಿ ಒಂದು ಸಣ್ಣ ಚೀಟಿ ಮಾತ್ರೆ ಉಂಟು. ಯಾಕೆ ಎಂದು ಕೇಳಿದರೆ, "ಹೆದರಿಕೆಗೆ" ಎನ್ನುತ್ತಾರೆ. ಎಷ್ಟು ವರ್ಷದಿಂದ ಎಂದು ಕೇಳಿದರೆ ಉತ್ತರ ಇಲ್ಲ.

ನಾನು ವೈದ್ಯನಲ್ಲ. 28 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವ. ಆದ್ದರಿಂದ ಯಾವ ಮಾತ್ರೆ ತಿನ್ನಬೇಕು, ಯಾವುದು ಬೇಡ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಹೆದರಿಕೆಯ ನೆನಪಿನ ಮೇಲೆ ಔಷಧ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಓದಿ ತಿಳಿಯುವುದಕ್ಕೆ ಡಿಗ್ರಿ ಬೇಕಾಗಿಲ್ಲ, ತಾಳ್ಮೆ ಸಾಕು. ಓದಿದ ಮೇಲೆ ನನಗೆ ಖಚಿತವಾದದ್ದು ಇದು: ಹೆದರಿಕೆಯನ್ನು ಮಾತ್ರೆ ಒಂದೇ ತೆಗೆಯುವುದಿಲ್ಲ. ಮಾತ್ರೆ ಕೆಲಸ ಮಾಡಿದಲ್ಲೆಲ್ಲ ಅದರ ಜೊತೆಗೆ ನೆನಪನ್ನು ಬಿಚ್ಚುವ ಕೆಲಸವೂ ನಡೆದಿದೆ. ಬಿಚ್ಚುವುದು ಮಾತಿನಿಂದ. ಗಡಿಯ ಈಚೆ ಇರುವ ನಮಗೆ ಮಾತ್ರೆ ಸಿಗುತ್ತದೆ, ಮಾತು ಸಿಗುವುದಿಲ್ಲ. ನನ್ನ ಜಗಳ ಇರುವುದು ಇಲ್ಲಿ.

ಮೊದಲು ವಿಷಯ ತಿಳಿಯೋಣ.

ಹೆದರಿಕೆ ಮತ್ತು ತಿಳಿವಳಿಕೆ ಮಿದುಳಿನಲ್ಲಿ ಒಂದೇ ಪೆಟ್ಟಿಗೆಯಲ್ಲಿ ಇರುವುದಿಲ್ಲ. 1911ರಲ್ಲಿ ಜಿನೀವಾದ ಕ್ಲಾಪರೇಡ್ ಎಂಬ ವೈದ್ಯ ಒಂದು ಸಂಗತಿ ಬರೆದ. ಅವನ ಬಳಿ ಮರೆವಿನ ರೋಗದ ಒಬ್ಬ ಹೆಂಗಸು ಇದ್ದಳು; ನಿನ್ನೆ ನೋಡಿದವರನ್ನು ಇವತ್ತು ಗುರುತಿಸಲಾರಳು. ಒಂದು ದಿನ ಆತ ಬೆರಳ ಸಂದಿನಲ್ಲಿ ಸೂಜಿ ಅಡಗಿಸಿಟ್ಟು ಅವಳ ಕೈ ಕುಲುಕಿದ. ಮುಂದೆ ಅವನು ಕೈ ಚಾಚಿದಾಗ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಯಾಕಮ್ಮಾ ಎಂದರೆ ಕಾರಣ ಗೊತ್ತಿಲ್ಲ. ತಿಳಿವಳಿಕೆ ಹೋಗಿತ್ತು, ಹೆದರಿಕೆ ಉಳಿದಿತ್ತು. ಈಗ ವಿಜ್ಞಾನಿಗಳು ಹೇಳುವ ಪ್ರಕಾರ, ನಡೆದ ಘಟನೆಯ ವಿವರ ಕೂಡಿಸುವುದು ಹಿಪೊಕ್ಯಾಂಪಸ್ ಎಂಬ ಭಾಗ. ಅಪಾಯದ ಗುರುತು ಹಚ್ಚಿ ಎದೆ ಬಡಿಸುವುದು, ಬೆವರಿಸುವುದು ಅಮಿಗ್ಡಲ ಎಂಬ ಬಾದಾಮಿ ಗಾತ್ರದ ಇನ್ನೊಂದು ಭಾಗ. ಹಾವು ಕಚ್ಚಿದವ ಹಗ್ಗಕ್ಕೂ ಹೆದರುತ್ತಾನೆ ಎಂದು ನಾವು ಹೇಳುವುದುಂಟು. ಅವನಿಗೆ ಅದು ಹಗ್ಗ ಎಂದು ಗೊತ್ತಿಲ್ಲವೆಂದಲ್ಲ. ಗೊತ್ತಿದೆ. ಗೊತ್ತಿರುವುದು ಒಂದು ಕಡೆ, ಬೆವರುವುದು ಇನ್ನೊಂದು ಕಡೆ. "ಎಂತಕ್ಕೆ ಹೆದರ್ತಿ, ಅದು ಹಗ್ಗ ಅಲ್ವಾ" ಎಂದು ಬೈದರೆ ಪ್ರಯೋಜನ ಆಗದಿರುವುದು ಅದಕ್ಕೇ.

ಈಗ ಔಷಧಕ್ಕೆ ಬರೋಣ. ಪ್ರೊಪ್ರನೊಲಾಲ್ ಎಂಬ ಮಾತ್ರೆ ನಮ್ಮಲ್ಲಿ ಬಿ.ಪಿ.ಯವರಿಗೆ, ತಲೆನೋವಿನವರಿಗೆ, ಕೈ ನಡುಗುವವರಿಗೆ ಪರಿಚಯ ಇದ್ದೀತು. ಜೇಮ್ಸ್ ಬ್ಲ್ಯಾಕ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ 1960ರ ದಶಕದಲ್ಲಿ ಹೃದಯಕ್ಕಾಗಿ ಕಂಡುಹಿಡಿದದ್ದು. 1988ರಲ್ಲಿ ಅವರಿಗೆ ನೊಬೆಲ್ ಬಂತು. ಗಾಬರಿಯಾದಾಗ ಮೈಯಲ್ಲಿ ಏರುವ ಅಡ್ರಿನಲಿನ್ ವರ್ಗದ ರಸಗಳ ಬಾಗಿಲನ್ನು ಇದು ಮುಚ್ಚುತ್ತದೆ. 1994ರಲ್ಲಿ ಕ್ಯಾಲಿಫೋರ್ನಿಯದ ಕಾಹಿಲ್ ಮತ್ತು ಮೆಕ್‌ಗಾ ತಂಡದವರು ಕೆಲವರಿಗೆ ಈ ಮಾತ್ರೆ ಕೊಟ್ಟು, ಹುಡುಗನೊಬ್ಬ ಅಪಘಾತಕ್ಕೆ ಸಿಕ್ಕುವ ಕಥೆಯನ್ನು ಚಿತ್ರಗಳೊಡನೆ ಹೇಳಿದರು. ಮಾತ್ರೆ ತಿನ್ನದವರಿಗೆ ಕಥೆಯ ಭೀಕರ ಭಾಗ ಚೆನ್ನಾಗಿ ನೆನಪುಳಿಯಿತು. ತಿಂದವರಿಗೆ ಆ ಭಾಗವೂ ಉಳಿದ ಭಾಗದಷ್ಟೇ ಸಾಧಾರಣವಾಗಿ ನೆನಪುಳಿಯಿತು. ಅಂದರೆ ನೆನಪನ್ನು ಕೊರೆದು ಕೂರಿಸುವ ಉಳಿ ಗಾಬರಿಯೇ. ಮಾತ್ರೆ ಆ ಉಳಿಯನ್ನು ಸ್ವಲ್ಪ ಮೊಂಡು ಮಾಡುತ್ತದೆ.

ಹಾಗಿದ್ದರೆ ಅಪಘಾತ ಆದ ಕೂಡಲೇ ಕೊಟ್ಟುಬಿಟ್ಟರೆ ಆಯಿತಲ್ಲ ಎಂದು ಅನ್ನಿಸುವುದು ಸಹಜ. ಬೋಸ್ಟನ್ನಿನ ಆಸ್ಪತ್ರೆಯಲ್ಲಿ ಪಿಟ್‌ಮನ್ ಎಂಬ ವೈದ್ಯರು ತುರ್ತುವಿಭಾಗಕ್ಕೆ ಬಂದವರಿಗೆ ಕೊಟ್ಟು ನೋಡಿ 2002ರಲ್ಲಿ ಪ್ರಕಟಿಸಿದರು. ಸಣ್ಣ ಪ್ರಯೋಗ, ಸ್ವಲ್ಪ ಆಸೆ ಹುಟ್ಟಿಸಿತು. ಆಮೇಲಿನ ಪ್ರಯೋಗಗಳಲ್ಲಿ ಆ ಆಸೆ ಗಟ್ಟಿಯಾಗಲಿಲ್ಲ.

ನಿಜವಾದ ತಿರುವು ಬಂದದ್ದು ಇನ್ನೊಂದು ದಾರಿಯಿಂದ. 2000ದಲ್ಲಿ ನ್ಯೂಯಾರ್ಕಿನಲ್ಲಿ ಕರೀಮ್ ನಾದರ್, ಜೋಸೆಫ್ ಲೆಡೂ ಮತ್ತು ಜೊತೆಯವರು ಇಲಿಗಳಿಗೆ ಒಂದು ಶಬ್ದ ಕೇಳಿಸಿ ಶಾಕ್ ಕೊಟ್ಟು ಹೆದರಿಕೆ ಕಲಿಸಿದರು. ಹಳೆಯ ನೆನಪು ಗಾರೆ ಹಾಕಿದ ಗೋಡೆಯ ಹಾಗೆ, ಒಮ್ಮೆ ಒಣಗಿದರೆ ಅಷ್ಟೇ ಎಂದು ಎಲ್ಲರೂ ನಂಬಿದ್ದ ಕಾಲ. ಇವರು ಆ ಶಬ್ದವನ್ನು ಪುನಃ ಕೇಳಿಸಿ, ಹೆದರಿಕೆ ನೆನಪಾದ ಕೂಡಲೇ ಅಮಿಗ್ಡಲಕ್ಕೆ ಪ್ರೋಟೀನು ತಯಾರಿ ತಡೆಯುವ ಔಷಧ ಬಿಟ್ಟರು. ಆಮೇಲೆ ಇಲಿ ಆ ಶಬ್ದಕ್ಕೆ ಮೊದಲಿನಂತೆ ಹೆದರಲಿಲ್ಲ. ನೆನಪಿಸದೆ ಔಷಧ ಮಾತ್ರ ಬಿಟ್ಟಾಗ ಹೆದರಿಕೆ ಹಾಗೆಯೇ ಉಳಿಯಿತು. ಎಂದರೆ ನೆನಪನ್ನು ಹೊರತೆಗೆದಾಗ ಅದು ಸ್ವಲ್ಪ ಹೊತ್ತು ಹಸಿಯಾಗುತ್ತದೆ, ಮತ್ತೆ ಒಣಗಬೇಕಾಗುತ್ತದೆ. ಹಸಿ ಇರುವಾಗ ಕೈ ಆಡಿಸಬಹುದು.

ಮನುಷ್ಯರಲ್ಲಿ ಇದನ್ನು ನೋಡಿದವರು ಆಮ್‌ಸ್ಟರ್‌ಡ್ಯಾಮಿನ ಮೆರೆಲ್ ಕಿಂಟ್ ಮತ್ತು ತಂಡ, 2009ರಲ್ಲಿ. ಜೇಡದ ಚಿತ್ರ ತೋರಿಸಿ ಕೈಗೆ ಸಣ್ಣ ಶಾಕ್ ಕೊಟ್ಟರು. ಮರುದಿನ ಕೆಲವರಿಗೆ 40 ಮಿಲಿಗ್ರಾಂ ಪ್ರೊಪ್ರನೊಲಾಲ್, ಕೆಲವರಿಗೆ ಹುಸಿ ಮಾತ್ರೆ ಕೊಟ್ಟು ಆ ಚಿತ್ರವನ್ನು ಒಮ್ಮೆ ತೋರಿಸಿದರು. ಮೂರನೆಯ ದಿನ ನೋಡಿದರೆ, ಔಷಧ ತಿಂದವರು ಆ ಚಿತ್ರಕ್ಕೆ ಬೆಚ್ಚಿಬೀಳುವುದು ನಿಂತಿತ್ತು. ಆದರೆ "ಇದರ ಹಿಂದೆ ಶಾಕ್ ಬರ್ತದೆ" ಎಂಬ ತಿಳಿವಳಿಕೆ ಪೂರ್ತಿ ಉಳಿದಿತ್ತು. ಕ್ಲಾಪರೇಡನ ಹೆಂಗಸಿನ ತಲೆಕೆಳಗು: ಅಲ್ಲಿ ಹೆದರಿಕೆ ಇದ್ದು ತಿಳಿವಳಿಕೆ ಇಲ್ಲ, ಇಲ್ಲಿ ತಿಳಿವಳಿಕೆ ಇದ್ದು ಹೆದರಿಕೆ ಇಲ್ಲ. ಇನ್ನೂ ಒಂದು ಗುಂಪು ಇತ್ತು. ಅವರಿಗೆ ಮಾತ್ರೆ ಕೊಟ್ಟರು, ಚಿತ್ರ ತೋರಿಸಲಿಲ್ಲ. ಅವರ ಹೆದರಿಕೆ ಇದ್ದಲ್ಲೇ ಇತ್ತು. ಓದುಗರು ಈ ಗುಂಪನ್ನು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ನಮ್ಮೂರಿನ ಬಹಳ ಜನ ಈ ಗುಂಪಿನವರು.

ವಿರುದ್ಧದ ಸಾಕ್ಷಿಯನ್ನು ಮುಚ್ಚಿಡುವುದು ನ್ಯಾಯವಲ್ಲ. 2019ರಲ್ಲಿ ಬೆಲ್ಜಿಯಮಿನ ಲ್ಯೂವೆನ್ನಿನವರು ಇಂಥದೇ ಪ್ರಯೋಗ ಮಾಡಿದಾಗ ಶಾಶ್ವತ ಪರಿಣಾಮ ಕಾಣಲಿಲ್ಲ. ಇನ್ನೊಂದು ಕಡೆ, 2015ರಲ್ಲಿ ಕಿಂಟ್ ತಂಡವೇ ಜೇಡಕ್ಕೆ ನಿಜವಾಗಿ ಹೆದರುವ 45 ಮಂದಿಯನ್ನು ತೆಗೆದುಕೊಂಡಾಗ, ಎರಡು ನಿಮಿಷ ದೊಡ್ಡ ಜೇಡದ ಎದುರು ನಿಂತು ಕೂಡಲೇ ಮಾತ್ರೆ ತಿಂದವರು ಮಾತ್ರ ಮುಂದೆ ಅದನ್ನು ಮುಟ್ಟುವಷ್ಟು ಧೈರ್ಯ ಪಡೆದರು. 2018ರಲ್ಲಿ ಕೆನಡದ ಮಾಂಟ್ರಿಯಲಿನ ಬ್ರೂನೆ ಎಂಬವರು 60 ಮಂದಿ ಆಘಾತದ ರೋಗಿಗಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ವಾರಕ್ಕೊಮ್ಮೆಯಂತೆ ಆರು ವಾರ, ಮಾತ್ರೆ ತಿಂದು, ತಮಗೆ ಆದದ್ದನ್ನು ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದುವುದು. ಹುಸಿ ಮಾತ್ರೆಯವರಿಗಿಂತ ಪ್ರೊಪ್ರನೊಲಾಲ್ ತಿಂದವರಿಗೆ ಹೆಚ್ಚು ಗುಣ ಕಂಡಿತು. ಬರೆದು ಓದಬೇಕು ಎಂಬ ಷರತ್ತನ್ನು ಗಮನಿಸಿ.

ಇನ್ನೊಂದು ಔಷಧ ಡಿ-ಸೈಕ್ಲೊಸೆರಿನ್. ಇದು ಹಳೆಯ ಕ್ಷಯರೋಗದ ಮದ್ದು. ಸಾದಾ ಮದ್ದಿಗೆ ಬಗ್ಗದ ಕ್ಷಯಕ್ಕೆ ಸೈಕ್ಲೊಸೆರಿನ್ ಇವತ್ತಿಗೂ ಉಂಟು. 2004ರಲ್ಲಿ ಅಟ್ಲಾಂಟದ ಎಮೊರಿ ವಿಶ್ವವಿದ್ಯಾಲಯದವರು ಎತ್ತರಕ್ಕೆ ಹೆದರುವವರಿಗೆ ಇದನ್ನು ಕೊಟ್ಟು, ಕಣ್ಣಿಗೆ ಯಂತ್ರ ಕಟ್ಟಿ, ಗಾಜಿನ ಲಿಫ್ಟಿನಲ್ಲಿ ಏರಿದಂತೆ ತೋರಿಸಿದರು. ಎರಡೇ ಸಲಕ್ಕೆ ಹೆದರಿಕೆ ಬೇಗ ಇಳಿಯಿತು. ಈ ಮದ್ದು ಹೆದರಿಕೆಯನ್ನು ಅಳಿಸುವುದಿಲ್ಲ. "ಇಲ್ಲಿ ಅಪಾಯ ಇಲ್ಲ" ಎಂಬ ಹೊಸ ಪಾಠವನ್ನು ಗಟ್ಟಿ ಮಾಡುತ್ತದೆ. ಪಾಠ ಸರಿಯಾಗದೆ, ಹೆದರಿಕೆ ಏರಿದ್ದಾಗಲೇ ಎದ್ದು ಹೋದವರಿಗೆ ಇದರಿಂದ ಪ್ರಯೋಜನವಾಗುವುದಿಲ್ಲ, ಕೆಲವೊಮ್ಮೆ ಹಾನಿಯೂ ಆದೀತು ಎಂದು ಆಮೇಲೆ ಕಂಡುಬಂತು. ಎಲ್ಲ ಪ್ರಯೋಗಗಳನ್ನು ಒಟ್ಟು ಹಾಕಿದರೆ ಲಾಭ ಸಣ್ಣದು. ಮೇಷ್ಟ್ರು ಇಲ್ಲದೆ ಗೈಡು ಮಾತ್ರ ಕೊಟ್ಟ ಹಾಗೆ.

ಈಗ ನಮ್ಮ ದೇವರ ಪಟದ ಹಿಂದಿನ ಚೀಟಿಗೆ ಬರುತ್ತೇನೆ. ಅದರಲ್ಲಿ ಇರುವುದು ಹೆಚ್ಚಾಗಿ ಅಲ್ಪ್ರಾಜೊಲಾಮ್, ಇಲ್ಲವೇ ಅದರ ಅಣ್ಣತಮ್ಮಂದಿರು. ಇವು ಬೆನ್‌ಜೊಡಯಾಜೆಪಿನ್ ಎಂಬ ವರ್ಗ. ಇವು ಹಳೆಯ ಹೆದರಿಕೆಯ ನೆನಪನ್ನು ಮುಟ್ಟುವುದೇ ಇಲ್ಲ. ತಿಂದ ಹೊತ್ತಿಗೆ ಮೈ ಸಡಿಲ ಮಾಡುತ್ತವೆ, ಆ ಹೊತ್ತಿನ ಹೊಸ ನೆನಪು ನಿಲ್ಲದಂತೆ ಮಾಡುತ್ತವೆ. ಯೋಚಿಸಿ: ಹೆದರಿಕೆ ಇಳಿಯುವುದು ಹೊಸ ಪಾಠದಿಂದ, ಹೊಸ ಪಾಠವನ್ನು ತಡೆಯುವ ಮಾತ್ರೆಯನ್ನು ಹೆದರಿಕೆಗೆ ದಿನಾ ಕೊಟ್ಟರೆ ಏನಾಗುತ್ತದೆ? ಹೆದರಿಕೆಯೂ ಉಳಿಯುತ್ತದೆ, ಮಾತ್ರೆಯೂ ಉಳಿಯುತ್ತದೆ. ಆಘಾತವಾದ ಮೊದಲ ತಿಂಗಳಲ್ಲಿ ಅದರ ಲಕ್ಷಣಗಳಿಗಾಗಿ ದೊಡ್ಡವರಿಗೆ ಈ ವರ್ಗದ ಮಾತ್ರೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿಯೇ ಹೇಳಿದೆ. ನಮ್ಮ ದೇಶದಲ್ಲಿ ಅದೇ ವರ್ಷ ಅಲ್ಪ್ರಾಜೊಲಾಮನ್ನು ಎಚ್-1 ಪಟ್ಟಿಗೆ ಸೇರಿಸಿದರು: ವೈದ್ಯರ ಚೀಟಿ ಇಲ್ಲದೆ ಮಾರಬಾರದು, ಬರೆದುಕೊಟ್ಟವರ ಮತ್ತು ತಿನ್ನುವವರ ಹೆಸರು ಪುಸ್ತಕದಲ್ಲಿ ದಾಖಲಾಗಬೇಕು, ಆ ಪುಸ್ತಕ 3 ವರ್ಷ ಇರಬೇಕು. ಕಾನೂನು ಹೀಗುಂಟು. ಆದರೂ ಹಳೇ ಚೀಟಿ ತೋರಿಸಿ, ಇಲ್ಲವೇ ಖಾಲಿ ಹಾಳೆಯ ಹೊಳೆಯುವ ಕಾಗದ ತೋರಿಸಿ ಮಾತ್ರೆ ತರುವವರನ್ನು ನಾನೂ ಕಂಡಿದ್ದೇನೆ, ನೀವೂ ಕಂಡಿದ್ದೀರಿ.

ಇದನ್ನು ಓದಿ ಯಾರೂ ಇವತ್ತು ರಾತ್ರಿಯೇ ಮಾತ್ರೆಯನ್ನು ತೋಡಿಗೆ ಎಸೆಯಬಾರದು. ಬಹುಕಾಲ ತಿಂದು ತಟ್ಟನೆ ಬಿಟ್ಟರೆ ಅಪಸ್ಮಾರ ಬರುವ ಅಪಾಯ ಉಂಟು. ವೈದ್ಯರ ಬಳಿ ಹೋಗಿ ಹಂತಹಂತವಾಗಿ ಇಳಿಸಬೇಕು. ಹಾಗೆಯೇ ಪ್ರೊಪ್ರನೊಲಾಲ್ ಒಳ್ಳೆಯದಂತೆ ಎಂದು ನೆರೆಮನೆಯವರ ಬಿ.ಪಿ. ಮಾತ್ರೆ ಎತ್ತಿ ತಿನ್ನಬಾರದು. ದಮ್ಮಿನ ರೋಗದವರಿಗೆ ಅದು ಪ್ರಾಣಕ್ಕೆ ಕುತ್ತು.

ಕೆಲವರು ಇನ್ನೊಂದು ತುದಿಯಿಂದ ವಾದ ಮಾಡುತ್ತಾರೆ. ಹೆದರಿಕೆ, ದುಃಖ ಇವೆಲ್ಲ ಮನುಷ್ಯನನ್ನು ಹದ ಮಾಡುವ ಬೆಂಕಿ, ಅದಕ್ಕೆ ಔಷಧ ಕೊಡುವುದೇ ತಪ್ಪು ಎಂದು. ಇದು ನಮ್ಮ ಊರಿನ ಹಿರಿಯರ ಮಾತು ಮಾತ್ರವಲ್ಲ. 2003ರಲ್ಲಿ ಅಮೆರಿಕದ ಅಧ್ಯಕ್ಷರ ಜೀವನೀತಿ ಮಂಡಳಿಯೂ, ನೆನಪನ್ನು ಮೊಂಡು ಮಾಡಿದರೆ ಮನುಷ್ಯ ತಾನು ಯಾರೆಂಬುದನ್ನೇ ಕಳೆದುಕೊಂಡಾನು ಎಂಬ ಆತಂಕ ತೋರಿಸಿತು. ಆ ಆತಂಕಕ್ಕೆ ಗೌರವ ಕೊಡೋಣ. ಆದರೆ ಪ್ರಯೋಗಗಳು ಹೇಳಿದ್ದೇನು? ನಡೆದದ್ದು ಮರೆಯುವುದಿಲ್ಲ. ಬೆಚ್ಚುವುದು ಮಾತ್ರ ಕಡಿಮೆಯಾಗುತ್ತದೆ. ತಮ್ಮನನ್ನು ಹೊಳೆಯಲ್ಲಿ ಕಳೆದುಕೊಂಡವಳು ತಮ್ಮನನ್ನು ಮರೆಯುವುದಿಲ್ಲ. ಮಳೆಯ ಸದ್ದಿಗೆ ಎದ್ದು ಕೂರುವುದನ್ನು ಬಿಡಬಹುದು. ಇದರಿಂದ ಅವಳ ಯಾವ ಗುಣ ಕಡಿಮೆಯಾಗುತ್ತದೆ, ಹೇಳಿ. ಪರರ ಹೆದರಿಕೆಯನ್ನು ಹೊಗಳುವುದು ಸುಲಭ. ರಾತ್ರಿ ನಿದ್ದೆ ಬರುವವರು ನಿದ್ದೆ ಇಲ್ಲದವರಿಗೆ ತಾಳ್ಮೆ ಕಲಿಸಬಾರದು.

ಇನ್ನು ನನ್ನ ಮುಖ್ಯ ತಕರಾರು.

ನಮ್ಮ ಕಡೆ ಅಡಿಕೆ ಮರ ಹತ್ತುವ ಒಬ್ಬರು ಮಳೆಗಾಲದಲ್ಲಿ ಮದ್ದು ಬಿಡುವಾಗ ಜಾರಿ ಬಿದ್ದರು. ಕಾಲು ಕೂಡಿತು. ಆದರೆ ಮರದ ಬುಡಕ್ಕೆ ಹೋದರೆ ಕೈ ಬೆವರಿ ಹಿಡಿತ ತಪ್ಪುತ್ತದೆ. ಹೆದರಿಕೆಗೆ ನೂಲು ಕಟ್ಟಿಸಿದ್ದಾಯಿತು. ಆಮೇಲೆ ಒಂದು ಆಸ್ಪತ್ರೆಗೆ ಹೋದರು. ಅಲ್ಲಿ ಮಾತಾಡಿಸುವವರಿಗೆ ಮಲೆಯಾಳ ಮಾತ್ರ ಬರುತ್ತಿತ್ತು. ಇವರಿಗೆ ಬರುವುದು ತುಳು ಮತ್ತು ಕನ್ನಡ. ನಾನು ನಡುವೆ ಕೂತು ಭಾಷಾಂತರ ಮಾಡಿದೆ. "ಕೈ ಬಿಟ್ಟದ್ದಲ್ಲ ಮೇಷ್ಟ್ರೇ, ಮರವೇ ನನ್ನನ್ನು ಬಿಟ್ಟ ಹಾಗೆ ಆಯ್ತು" ಎಂದರು. ಇದನ್ನು ನಾನು ಮಲೆಯಾಳಕ್ಕೆ ತಂದಾಗ "ಕೈ ಜಾರಿತು" ಎಂದಷ್ಟೇ ಆಯಿತು. ಮನೆಯ ಖರ್ಚಿನ ಮಾತು, ಹೆಂಡತಿಯ ಎದುರು ನಾಚಿಕೆಯ ಮಾತು ಅವರು ನೆರೆಯವನಾದ ನನ್ನ ಎದುರು ಆಡಲೇ ಇಲ್ಲ. ಹತ್ತು ನಿಮಿಷದಲ್ಲಿ ಮುಗಿಯಿತು. ಕೈಗೆ ಬಂದದ್ದು ಮಾತ್ರೆಯ ಚೀಟಿ. ಅಲ್ಲಿದ್ದವರು ಕೆಟ್ಟವರಲ್ಲ, ಹೊರಗೆ ಸಾಲು ನಿಂತಿತ್ತು. ಆದರೆ ಪರಿಣಾಮ ಏನು? ಆಮ್‌ಸ್ಟರ್‌ಡ್ಯಾಮಿನ ಆ ಮೂರನೆಯ ಗುಂಪು: ಮಾತ್ರೆ ಕೊಟ್ಟದ್ದು, ನೆನಪು ತೆರೆಯದ್ದು.

ಭಾಷೆಯಿಂದ ಅಷ್ಟು ವ್ಯತ್ಯಾಸ ಆಗ್ತದಾ ಎಂದು ಕೇಳುವವರಿಗೆ ಒಂದು ಲೆಕ್ಕ ಉಂಟು. 2003ರಲ್ಲಿ ಬೋಸ್ಟನ್ನಿನ ಕ್ಯಾಥರಿನ್ ಹ್ಯಾರಿಸ್ ಮತ್ತು ಜೊತೆಯವರು, ತುರ್ಕಿ ಮನೆಮಾತಿನ, ಆಮೇಲೆ ಇಂಗ್ಲಿಷ್ ಕಲಿತವರ ಬೆರಳಿಗೆ ಬೆವರು ಅಳೆಯುವ ತಂತಿ ಕಟ್ಟಿ ಎರಡೂ ಭಾಷೆಯ ಮಾತು ಕೇಳಿಸಿದರು. ಚಿಕ್ಕಂದಿನಲ್ಲಿ ಕೇಳುವಂಥ ಬೈಗುಳದ ಮಾತು ತುರ್ಕಿಯಲ್ಲಿ ಬಂದಾಗ ಮೈ ಹೆಚ್ಚು ಬೆವರಿತು, ಇಂಗ್ಲಿಷಿನಲ್ಲಿ ಬಂದಾಗ ಕಡಿಮೆ. ಕಲಿತ ಭಾಷೆ ಅರ್ಥ ಮುಟ್ಟಿಸುತ್ತದೆ. ಮೈಗೆ ಮುಟ್ಟಿಸುವುದು ಬೆಳೆದ ಭಾಷೆ. ಹೆದರಿಕೆ ಇರುವುದು ಮೈಯಲ್ಲಿ. ಹಾಗಾದರೆ ಅದನ್ನು ತೆರೆಯುವ ಕೀಲಿ ಯಾವ ಭಾಷೆಯದ್ದು ಆಗಬೇಕು?

ಮಲೆಯಾಳದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಓದುತ್ತೇನೆ, ಅದರಲ್ಲಿ ಸ್ನೇಹಿತರಿದ್ದಾರೆ. ಮಂಗಳೂರಿನಲ್ಲಿ ಕೂಲಿ ಮಾಡುವ ಮಲೆಯಾಳಿಗೂ ಅಲ್ಲಿ ಮಲೆಯಾಳದಲ್ಲೇ ಚಿಕಿತ್ಸೆ ಸಿಗಲಿ ಎನ್ನುತ್ತೇನೆ. ನಮ್ಮಲ್ಲಿಯೂ ಕನ್ನಡ ಎಂದು ಬಾಯಲ್ಲಿ ಹೇಳಿ ತುಳುವಿನವರನ್ನು, ಕೊರಗರನ್ನು, ಮರಾಟಿಯವರನ್ನು ಮೂಲೆಗೆ ತಳ್ಳುವುದು ಬೇಡ. ಆದರೆ 1956ರ ನವೆಂಬರ್ 1ರಂದು ಗೆರೆ ಎಳೆದದ್ದು ಭೂಮಿಯ ಮೇಲೆ. ಆ ಗೆರೆ ನಮ್ಮ ಎದೆಯ ಒಳಗಿನ ಹೆದರಿಕೆಯ ಮೇಲೂ ಹಾಯಬಾರದು. 2020ರ ಮಾರ್ಚಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಆಂಬುಲೆನ್ಸು ನಿಂತ ದಿನಗಳನ್ನು ಇಲ್ಲಿಯವರು ಮರೆತಿಲ್ಲ. ಆ ಹೆದರಿಕೆಯನ್ನು ಯಾರ ಎದುರು, ಯಾವ ಮಾತಿನಲ್ಲಿ ಹೇಳುವುದು?

ನಾವು ಕೇಳುತ್ತಿರುವುದು ದಾನವಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ, ರೋಗಿಗೆ ತನ್ನ ರೋಗದ, ಚಿಕಿತ್ಸೆಯ ವಿಷಯವನ್ನು ಅರ್ಥವಾಗುವ ಭಾಷೆಯಲ್ಲಿ ತಿಳಿಯುವ ಹಕ್ಕು ಕೊಟ್ಟಿದೆ. ತಿಳಿಯುವುದಕ್ಕೆ ಇರುವ ಹಕ್ಕು ಹೇಳುವುದಕ್ಕೂ ಬೇಕು ಎಂಬುದು ನನ್ನ ವಾದ. ಸಂವಿಧಾನದ 350ನೆಯ ವಿಧಿಯ ಪ್ರಕಾರ ನಮ್ಮ ಕಷ್ಟದ ಮನವಿಯನ್ನು ಕನ್ನಡದಲ್ಲೇ ಬರೆಯಬಹುದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ನಂಬರಿಗೆ ಫೋನು ಮಾಡಿ ಕನ್ನಡವನ್ನು ಆರಿಸಿಕೊಳ್ಳಬಹುದು, ದುಡ್ಡು ಬೇಡ. ಇದು ಬಾಗಿಲು, ಮನೆಯಲ್ಲ. ಎದುರು ಕೂತು ವಾರ ವಾರ ಕೇಳುವವರು ಬೇಕು.

ಆದ್ದರಿಂದ ಮೂರು ಬೇಡಿಕೆ. ಒಂದು, ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಸರಕಾರಿ ಮಾನಸಿಕ ಚಿಕಿತ್ಸೆಯಲ್ಲಿ ಕನ್ನಡವೂ ತುಳುವೂ ಬರುವ ಆಪ್ತಸಮಾಲೋಚಕರು ಇರಬೇಕು; ನೆರೆಮನೆಯವರನ್ನು ದುಭಾಷಿ ಮಾಡುವುದು ನಿಲ್ಲಬೇಕು. ಎರಡು, ಎಚ್-1 ಮಾತ್ರೆಯ ಪುಸ್ತಕವನ್ನು ಅಧಿಕಾರಿಗಳು ಬಂದು ನೋಡಬೇಕು. ಹಳೇ ಚೀಟಿಗೆ ಮಾತ್ರೆ ಕೊಡುವುದು ನಿಲ್ಲಬೇಕು. ಮೂರು, ಹೆದರಿಕೆಗೆ ಮಾತ್ರೆ ಬರೆಯುವಾಗ ಅದು ಎಷ್ಟು ದಿನಕ್ಕೆ, ಯಾಕೆ, ಬಿಡುವುದು ಹೇಗೆ ಎಂದು ಕನ್ನಡದಲ್ಲಿ ಒಂದು ತುಂಡು ಕಾಗದದಲ್ಲಿ ಬರೆದು ಕೊಡಬೇಕು.

ಇವು ದೊಡ್ಡ ಬೇಡಿಕೆಗಳೇನಲ್ಲ. ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ಕೇಳುವ ಕಿವಿ ಇರುವ ಕೆಲವು ಮನುಷ್ಯರು ಸಾಕು. ಮನವಿಯ ಪ್ರತಿ ವಾಚನಾಲಯದ ಮೇಜಿನ ಮೇಲೆ, ಪೇಪರುಗಳ ಎಡಗಡೆ ಇಟ್ಟಿದೆ. ಓದಿ, ಒಪ್ಪಿಗೆಯಾದರೆ ರುಜು ಹಾಕಿ. ಒಪ್ಪಿಗೆಯಾಗದಿದ್ದರೆ ಯಾಕೆ ಎಂದು ಮುಂದಿನ ಸಂಕಲನಕ್ಕೆ ಬರೆಯಿರಿ. ಉತ್ತರ ಕೊಡಲು ನಾನು ಇದ್ದೇನೆ.